ಓದುಗರ ಪ್ರಶ್ನೆ, ನಮ್ಮ ಉತ್ತರ: ಮಳೆ ಸುರಿದ ಕಾಡಿಗೆ ಬೆಂಕಿ ಬೀಳುವುದು ಹೇಗೆ?

ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಊರಿಗೆ ಹೋಗಿಬರುವ ಮುಂಬಯಿ, ಪುಣೆ ಮತ್ತು ಗೋವಾದ ಕನ್ನಡಿಗರು, ಕೊಂಕಣ ರೈಲಿನ ಕಿಟಕಿಯಿಂದಲೋ ಚೋರ್ಲಾ, ಅನಮೋಡ್ ಘಾಟಿಗಳ ತಿರುವಿನಿಂದಲೋ ಕಂಡ ಕರಕಲು ಗುಡ್ಡಗಳ ಬಗ್ಗೆ ನಮಗೆ ಬರೆಯುವುದುಂಟು. ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಕೇಳಿದವರ ಊರನ್ನು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ (ಡೊಂಬಿವಿಲಿ): ಮಳೆಗಾಲದಲ್ಲಿ ಸಹ್ಯಾದ್ರಿಯ ಮೇಲೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಆರೇ ತಿಂಗಳಲ್ಲಿ ಅದೇ ಕಾಡು ಒಣಗಿ ಉರಿಯುತ್ತದೆ. ಇದನ್ನು ಬರ ಎನ್ನಬಹುದೇ?

ಉತ್ತರ: ಹವಾಮಾನ ಇಲಾಖೆಯ ಲೆಕ್ಕದಲ್ಲಿ ಇದು ಬರವಲ್ಲ. ಒಂದು ಪ್ರದೇಶದ ಮಳೆಗಾಲದ ಮಳೆ ದೀರ್ಘಕಾಲದ ಸರಾಸರಿಗಿಂತ ಶೇ. 25ಕ್ಕೂ ಹೆಚ್ಚು ಕಡಿಮೆಯಾದಾಗ ಇಲಾಖೆ ಅದನ್ನು ಬರವೆಂದು ಗುರುತಿಸುತ್ತದೆ, ಕೊರತೆ ಶೇ. 50 ದಾಟಿದರೆ ಅದು ತೀವ್ರ ಬರ. ಈ ಅಳತೆ ರೈತನ ಬೆಳೆಗೂ ಅಣೆಕಟ್ಟಿನ ನೀರಿಗೂ ತಕ್ಕಮಟ್ಟಿಗೆ ಹೊಂದುತ್ತದೆ, ಕಾಡಿನ ನೆಲದ ಮೇಲೆ ಬಿದ್ದಿರುವ ತರಗೆಲೆಗೆ ಮಾತ್ರ ಹೊಂದುವುದಿಲ್ಲ.

ಉತ್ತರ ಸಹ್ಯಾದ್ರಿಯಲ್ಲಿ ವರ್ಷದ ಮಳೆಯ ಹತ್ತರಲ್ಲಿ ಒಂಬತ್ತು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಮುಗಿದುಹೋಗುತ್ತದೆ. ಇಳಿಜಾರು ಕಡಿದು, ಕರಿಕಲ್ಲು ಅಥವಾ ಮುರಕಲ್ಲಿನ ಮೇಲೆ ಕುಳಿತ ಮಣ್ಣು ತೆಳು. ಆದ್ದರಿಂದ ಬಿದ್ದ ನೀರಿನ ಬಹುಪಾಲು ಹರಿದು ಕಡಲು ಸೇರುತ್ತದೆ. ಘಟ್ಟಸಾಲಿನ ದಕ್ಷಿಣ ತುದಿಯಲ್ಲಿ, ಕೇರಳದ ಕಡೆ, ಒಣ ತಿಂಗಳುಗಳು ಎರಡೋ ಮೂರೋ ಇದ್ದರೆ, ಉತ್ತರಕ್ಕೆ ಸರಿದು ಮುಂಬಯಿಯ ಅಕ್ಷಾಂಶ ತಲುಪುವ ಹೊತ್ತಿಗೆ ಅವು ಏಳೆಂಟಾಗುತ್ತವೆ. ಮಲೆನಾಡಿನಲ್ಲಿ ಮಾರ್ಚ್, ಏಪ್ರಿಲ್‌ನ ಸಂಜೆ ಗುಡುಗಿ ಸುರಿಯುವ ಮಳೆ ಕಾಡನ್ನು ಒಮ್ಮೆಯಾದರೂ ತೋಯಿಸುತ್ತದೆ. ಮಹಾರಾಷ್ಟ್ರದ ಮಾಳಶೇಜ್, ತಾಮ್ಹಿಣಿ ಘಾಟಿಗಳ ಕಡೆ ಆ ಭಾಗ್ಯವೂ ಅಪರೂಪ. ಹೀಗಾಗಿ ಒಟ್ಟು ಮಳೆಯ ಅಂಕಿಗಿಂತ, ಹಿಂಗಾರು ಎಷ್ಟು ದಿನ ಮುಂದುವರಿಯಿತು, ಚಳಿಗಾಲದಲ್ಲಿ ಇಬ್ಬನಿ ಬಿತ್ತೇ, ಬೇಸಿಗೆಯ ಮೊದಲ ಮಳೆ ಯಾವಾಗ ಬಂತು ಎಂಬ ಮೂರು ಸಂಗತಿಗಳೇ ಬೆಂಕಿಯ ಋತುವನ್ನು ನಿರ್ಧರಿಸುತ್ತವೆ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತೇಗ, ಮತ್ತಿ, ಹೊನ್ನೆಗಳಂತಹ ಎಲೆಯುದುರುವ ಮರಗಳು ನೀರನ್ನು ಉಳಿಸಿಕೊಳ್ಳಲು ಎಲೆ ಚೆಲ್ಲುತ್ತವೆ, ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲು ಅದೇ ಹೊತ್ತಿಗೆ ಒಣಗಿ ಬಾಗುತ್ತದೆ, ಎರಡೂ ಸೇರಿ ನೆಲದ ಮೇಲೆ ಉರುವಲು ಸಿದ್ಧವಾಗುತ್ತದೆ. ಹುಲ್ಲು, ತರಗೆಲೆಗಳಂತಹ ತೆಳುವಾದ ಉರುವಲು ತನ್ನ ತೇವವನ್ನು ಪಡೆಯುವುದು ಸುತ್ತಲಿನ ಗಾಳಿಯಿಂದ. ಬಾಣಲೆಯಿಂದ ತೆಗೆದ ಹಪ್ಪಳ ತೇವದ ಗಾಳಿಗೆ ಮೆತ್ತಗಾಗಿ, ಬಿಸಿಲಿಗಿಟ್ಟರೆ ಮತ್ತೆ ಗರಿಯಾಗುವಂತೆ, ಅದು ಬೆಳಗಿನ ಇಬ್ಬನಿಗೆ ನೆನೆದು ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಹೊತ್ತಿಕೊಳ್ಳಲು ತಯಾರಾಗಿರುತ್ತದೆ. ದಪ್ಪ ಕೊಂಬೆ, ಬಿದ್ದ ದಿಮ್ಮಿಗಳು ಒಣಗಲು ವಾರಗಳು, ತಿಂಗಳುಗಳು ಬೇಕು. ಅವು ಕೂಡ ಒಣಗಿದ ವರ್ಷ ಬೆಂಕಿಯನ್ನು ನಂದಿಸುವುದು ಕಷ್ಟ, ಏಕೆಂದರೆ ಮೇಲೆ ಆರಿದಂತೆ ಕಂಡರೂ ದಿಮ್ಮಿಯ ಒಳಗೆ ಕೆಂಡ ಉಳಿದು ಮರುದಿನದ ಗಾಳಿಗೆ ಮತ್ತೆ ಏಳುತ್ತದೆ.

ಉಷ್ಣತೆ ಇಲ್ಲಿ ಬಿಸಿಲಿನ ಕಾವಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ. ಒಂದೊಂದು ಡಿಗ್ರಿ ಸೆಲ್ಸಿಯಸ್ ಏರಿದಂತೆ ಗಾಳಿಯಲ್ಲಿ ಇರಬಲ್ಲ ನೀರಾವಿಯ ಪ್ರಮಾಣ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಗಾಳಿಗೆ ಸಿಗುವ ನೀರು ಹೆಚ್ಚದೆ ಉಷ್ಣತೆ ಮಾತ್ರ ಏರಿದರೆ, ಆ ಗಾಳಿ ತನ್ನ ಕೊರತೆಯನ್ನು ಎಲೆಯಿಂದ, ಮಣ್ಣಿನಿಂದ, ಬದುಕಿರುವ ಗಿಡದಿಂದ ಹೀರಿ ತುಂಬಿಕೊಳ್ಳುತ್ತದೆ. ಮಳೆ ವಾಡಿಕೆಯಷ್ಟೇ ಬಿದ್ದ ವರ್ಷದಲ್ಲೂ ಕಾಡು ವಾಡಿಕೆಗಿಂತ ಬೇಗ ಒಣಗಲು ಇದು ಸಾಕಾಗುತ್ತದೆ.

ಪ್ರಶ್ನೆ (ಪಿಂಪ್ರಿ): ನಾನು ವಿಜಯಪುರ ಜಿಲ್ಲೆಯವನು. 2023ರಲ್ಲಿ ಕರ್ನಾಟಕದ ಬಹುತೇಕ ಎಲ್ಲ ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಬರದ ವರ್ಷ ಎಂದರೆ ಕಾಡಿಗೆ ಹೆಚ್ಚು ಬೆಂಕಿ ಎಂದು ತಿಳಿಯಬೇಕೇ?

ಉತ್ತರ: ಹಾಗೆ ನೇರವಾಗಿ ಹೇಳಲು ಬರುವುದಿಲ್ಲ. ಆ ವರ್ಷ, ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ನಮ್ಮ ಮುಂಗಾರನ್ನು ಕುಗ್ಗಿಸುವ ಎಲ್ ನಿನೊ ಪ್ರಭಾವವಿತ್ತು, ದೇಶದ ಆಗಸ್ಟ್ ತಿಂಗಳು 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಗಿತ್ತು, ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರದ ಪಟ್ಟಿಗೆ ಸೇರಿದವು. ಆದರೆ ಹುಲ್ಲುಗಾವಲು ಮತ್ತು ಕುರುಚಲು ಕಾಡಿನಲ್ಲಿ ಬರ ಬಿದ್ದರೆ ಹುಲ್ಲೇ ಬೆಳೆಯುವುದಿಲ್ಲ; ಬೆಳೆದದ್ದನ್ನು ದನಗಳು ಮೇಯ್ದು ಮುಗಿಸುತ್ತವೆ; ಉರಿಯಲು ಏನೂ ಉಳಿಯುವುದಿಲ್ಲ. ಅಲ್ಲಿ ಅಪಾಯಕಾರಿ ವರ್ಷವೆಂದರೆ ಮುಂಗಾರು ಚೆನ್ನಾಗಿ ಸುರಿದು, ಹಿಂಗಾರು ಕೈಕೊಟ್ಟು, ಫೆಬ್ರವರಿ ಬೇಗ ಕಾಯುವ ವರ್ಷ. 2018ರ ಆಗಸ್ಟ್‌ನಲ್ಲಿ ಕೊಡಗು ಮತ್ತು ವಯನಾಡು ನೆರೆಯಲ್ಲಿ ಮುಳುಗಿದ್ದವು. ಆ ವರ್ಷದ ಹಿಂಗಾರು ಕೈಕೊಟ್ಟಿತು. 2019ರ ಫೆಬ್ರವರಿ ಕೊನೆಯ ವಾರದಲ್ಲಿ, ನೆರೆ ಕಂಡ ಆ ನಾಡಿಗೆ ಹೊಂದಿಕೊಂಡ ಬಂಡೀಪುರದಲ್ಲಿ ಸುಮಾರು 4,400 ಹೆಕ್ಟೇರ್ ಕಾಡು ಸುಟ್ಟಿತು. ಅಲ್ಲಿ ಹುಲ್ಲಿನ ಜೊತೆಗೆ ಲಂಟಾನ ಎಂಬ ಪೊದೆಕಳೆಯೂ ಇತ್ತು, ಅದರ ಮಾತನ್ನು ಮುಂದೆ ಆಡೋಣ.

ನಿತ್ಯಹರಿದ್ವರ್ಣದ ತೇವದ ಕಾಡಿನ ಕಥೆ ಬೇರೆ. ಮಹದಾಯಿ, ಅಂಬೋಲಿ, ಭೀಮಗಡಗಳ ಒಳಗಾಡಿನಲ್ಲಿ ಉರುವಲಿಗೆ ಎಂದೂ ಕೊರತೆಯಿಲ್ಲ, ಅದನ್ನು ಕಾಯುವುದು ನೆರಳು ಮತ್ತು ತೇವ ಮಾತ್ರ. ಬರ ಬಂದಾಗ ಅಲ್ಲಿನ ಮರಗಳು ವಾಡಿಕೆಗಿಂತ ಹೆಚ್ಚು ಎಲೆ ಉದುರಿಸುತ್ತವೆ, ಮೇಲಿನ ಹಸಿರು ಚಪ್ಪರ ತೆರವಾಗಿ ಬಿಸಿಲು ನೆಲ ಮುಟ್ಟುತ್ತದೆ, ಆಗ ಸಾಮಾನ್ಯ ವರ್ಷಗಳಲ್ಲಿ ಬೆಂಕಿ ಒಳಹೊಗಲಾರದ ಕಾಡಿಗೂ ಅದು ದಾರಿ ಕಂಡುಕೊಳ್ಳುತ್ತದೆ. ಬರ ಹುಲ್ಲುಕಾಡನ್ನು ಒಂದು ವರ್ಷದ ಮಟ್ಟಿಗೆ ಉಳಿಸಬಹುದು, ಹಸಿರುಕಾಡನ್ನು ಅಪಾಯಕ್ಕೆ ಒಡ್ಡುತ್ತದೆ ಎಂಬುದು ಸದ್ಯದ ಉತ್ತರ.

ಪ್ರಶ್ನೆ (ಪೋಂಡಾ ಮತ್ತು ವಾಲ್ಪೈನಿಂದ ಹಲವರು): 2023ರ ಮಾರ್ಚ್‌ನಲ್ಲಿ ಗೋವಾದ ಮಹದಾಯಿ ಅಭಯಾರಣ್ಯ ದಿನಗಟ್ಟಲೆ ಉರಿಯಿತು. ಕೆಲವರು ಗೇರು ಬೆಳೆಗಾರರನ್ನು ದೂರಿದರು, ಕೆಲವರು ಜಮೀನಿನ ಸಂಚು ಎಂದರು, ಮನೆಯ ಹಿರಿಯರು ಬಿದಿರಿಗೆ ಬಿದಿರು ಉಜ್ಜಿ ಬೆಂಕಿ ಹುಟ್ಟಿತು ಎನ್ನುತ್ತಾರೆ. ಯಾವುದು ನಿಜ?

ಉತ್ತರ: ಬಿದಿರಿನ ಮಾತನ್ನು ಮೊದಲು ಬದಿಗಿಡೋಣ. ಕಾಳ್ಗಿಚ್ಚು ಎಂದೊಡನೆ ಉಜ್ಜುವ ಬಿದಿರನ್ನು ನೆನೆಯುವುದು ನಮ್ಮಲ್ಲಿ ರೂಢಿಯಾಗಿದೆ, ಆದರೆ ನಮ್ಮ ಕಾಡುಗಳ ಬೆಂಕಿಯ ಮೂಲ ಹುಡುಕುತ್ತಾ ಹೋದರೆ ಬಹುತೇಕ ಪ್ರತಿ ಸಲವೂ ತಲುಪುವುದು ಮನುಷ್ಯನ ಕೈಗೆ. ಸಿಡಿಲು ಮತ್ತೊಂದು ಸಹಜ ಕಾರಣ. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಅದು ದೊಡ್ಡ ಕಾರಣವೂ ಹೌದು. ಆದರೆ ಮಾರ್ಚ್ ಆರಂಭದ ಗೋವಾದಲ್ಲಿ ಮೋಡವೇ ಇಲ್ಲದ ಆಕಾಶದಿಂದ ಸಿಡಿಲು ಬೀಳುವ ಪ್ರಮೇಯವಿಲ್ಲ.

ಉಳಿದದ್ದು ಮನುಷ್ಯ. ಗೇರುಹಣ್ಣು ಉದುರುವ ಮುನ್ನ, ಬಿದ್ದ ಬೀಜ ಕಣ್ಣಿಗೆ ಕಾಣಲೆಂದು ತೋಟದ ನೆಲ ಸವರಿ ತರಗು ಗುಡ್ಡೆ ಮಾಡಿ ಸುಡುವುದು ಗೋವಾದ ಸತ್ತರಿ ತಾಲ್ಲೂಕಿನ ಕಡೆ ಹಳೆಯ ಪದ್ಧತಿ. ಕೊಂಕಣ ಮತ್ತು ಪುಣೆಯ ಮಾವಳ ಸೀಮೆಯಲ್ಲಿ ಭತ್ತ, ರಾಗಿಯ ಸಸಿಮಡಿಯ ಮೇಲೆ ಸೊಪ್ಪು, ಸಗಣಿ ಹರಡಿ ಸುಡುವ ರಾಬ ಪದ್ಧತಿಯೂ ಇದೆ. ಹೊಸ ಹುಲ್ಲು ಚಿಗುರಲೆಂದು ಗುಡ್ಡಕ್ಕೆ ಕೊಳ್ಳಿಯಿಡುವ ದನಗಾಹಿ, ಜೇನು ಕೀಳಲು ಹೊಗೆ ಹಾಕಿದವನು, ಬೇಟೆಗೆ ಪ್ರಾಣಿಯನ್ನು ಅಟ್ಟುವವನು, ಘಾಟಿಯಲ್ಲಿ ಕಾರು ನಿಲ್ಲಿಸಿ ಸಿಗರೇಟು ಎಸೆದವನು, ರಸ್ತೆಬದಿಯ ಕಸ ಸುಟ್ಟವನು, ಇವರೆಲ್ಲರ ಕೈಯಲ್ಲೂ ಬೆಂಕಿಯಿದೆ. ಬೇಕೆಂದೇ ಹಚ್ಚುವವರೂ ಇಲ್ಲವೆಂದಲ್ಲ.

ಆದರೆ ಈ ಎಲ್ಲ ಬೆಂಕಿಗಳೂ ಪ್ರತಿ ವರ್ಷ ಇದ್ದವು. 2021ರಲ್ಲೂ ಗೇರು ತೋಟ ಸವರಿದರು, 2022ರಲ್ಲೂ ಸುಟ್ಟರು. ಹೆಚ್ಚಿನ ವರ್ಷಗಳಲ್ಲಿ ತೋಟದಿಂದ ಜಾರಿದ ಬೆಂಕಿ ಕಾಡಿನ ನೆರಳಿನ ಅಂಚಿಗೆ ಬಂದು, ತೇವದ ತರಗು ತಾಗಿ, ತಾನಾಗಿ ಸಾಯುತ್ತಿತ್ತು. 2023ರಲ್ಲಿ ಅದು ಏಕೆ ಸಾಯಲಿಲ್ಲ ಎಂಬುದು, ಹಚ್ಚಿದವರು ಯಾರು ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆ ಎಂದು ನಮಗೆ ತೋರುತ್ತದೆ. ಆ ವರ್ಷದ ಫೆಬ್ರವರಿಯಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣತೆ 1901ರಿಂದೀಚೆಗಿನ ಎಲ್ಲ ಫೆಬ್ರವರಿಗಳಿಗಿಂತ ಹೆಚ್ಚಾಗಿತ್ತು. ಮಾರ್ಚ್ ಮೊದಲ ಎರಡು ವಾರಗಳಲ್ಲಿ ಹವಾಮಾನ ಇಲಾಖೆ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತ್ತು. ಕರಾವಳಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಸಾಮಾನ್ಯವಾಗಿ ತೇವ ಹೊತ್ತು ಬರುವ ಕಡಲಗಾಳಿ, ಪೂರ್ವದಿಂದ ಘಟ್ಟವಿಳಿದು ಬರುವ ಒಣಗಾಳಿ ಬಲವಾಗಿದ್ದ ದಿನ ತಡವಾಗುತ್ತದೆ ಅಥವಾ ಘಟ್ಟದ ಬುಡ ಮುಟ್ಟುವುದೇ ಇಲ್ಲ. ಮುಂಬಯಿಯವರು ಮಾರ್ಚ್‌ನಲ್ಲಿ ಹಠಾತ್ತಾಗಿ ಅನುಭವಿಸುವ ಸುಡುಬಿಸಿಲಿನ ದಿನಗಳಿಗೂ ಇದೇ ಕಾರಣ. ಇದರ ಮೇಲೆ ಇಳಿಜಾರು. ಬೆಂಕಿ ಏರು ಹತ್ತುವಾಗ ಜ್ವಾಲೆ ಮೇಲಿನ ಹುಲ್ಲಿನತ್ತ ಬಾಗಿ ಅದನ್ನು ಮೊದಲೇ ಒಣಗಿಸುವುದರಿಂದ, ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಅದರ ವೇಗ ಸುಮಾರಾಗಿ ಎರಡರಷ್ಟಾಗುತ್ತದೆ. ಸುರ್ಲಾ, ಸತ್ರೆಯಂತಹ ಗುಡ್ಡಗಳ ನೆತ್ತಿಗೆ ಮನುಷ್ಯರು ನೀರು ಹೊತ್ತು ತಲುಪುವ ಮೊದಲೇ ಬೆಂಕಿ ತಲುಪಿರುತ್ತದೆ.

ಗೇರು ಬೆಳೆಗಾರನನ್ನು ದೂರಿ ಸುಮ್ಮನಾಗುವುದು ಎಲ್ಲರಿಗೂ ಅನುಕೂಲ. ಜನವರಿಯಲ್ಲೇ ಬೆಂಕಿ ಕಾವಲುಗಾರರ ನೇಮಕವಾಗಿತ್ತೇ, ಬೆಂಕಿ ದಾಟದಂತೆ ನೆಲ ಬೋಳು ಮಾಡುವ ಬೆಂಕಿ ರೇಖೆಗಳನ್ನು ಸವರಲಾಗಿತ್ತೇ, ತೋಟದ ಕಸವನ್ನು ಯಾವ ವಾರ, ಯಾವ ಹೊತ್ತಿನಲ್ಲಿ ಸುಡಬಹುದು ಎಂದು ಯಾರಾದರೂ ಊರಿನವರೊಡನೆ ಕುಳಿತು ಮಾತಾಡಿದ್ದರೇ ಎಂಬ ಪ್ರಶ್ನೆಗಳು ಆಗ ಏಳುವುದಿಲ್ಲ.

ಪ್ರಶ್ನೆ (ಪನ್ವೇಲ್): ಹೆಲಿಕಾಪ್ಟರಿನಿಂದ ನೀರು ಸುರಿಯುವುದರಿಂದ ನಿಜವಾಗಿ ಪ್ರಯೋಜನವಿದೆಯೇ, ಅಥವಾ ಅದು ಟಿವಿಯವರಿಗಾಗಿಯೇ?

ಉತ್ತರ: ಪ್ರಯೋಜನವಿದೆ, ಆದರೆ ಅಲ್ಪ. ಬಂಡೀಪುರದಲ್ಲಿ ವಾಯುಪಡೆ, ಗೋವಾದಲ್ಲಿ ನೌಕಾಪಡೆ ಮತ್ತು ವಾಯುಪಡೆ ಬಳಸಿದ್ದು ಬಾಂಬಿ ಬಕೆಟ್ ಎಂಬ ತೂಗುಚೀಲವನ್ನು. ಎಂಐ-17 ಹೆಲಿಕಾಪ್ಟರ್ ಸುಮಾರು 3,500 ಲೀಟರ್ ನೀರನ್ನು ಹೀಗೆ ಒಯ್ಯಬಲ್ಲದು. ಕಾಲಿಡಲಾಗದ ಕಡಿದಿನಲ್ಲಿ ಇದು ಬೆಂಕಿಯ ಮೊನೆಯನ್ನು ಮೊಂಡು ಮಾಡುತ್ತದೆ. ದಟ್ಟ ಕಾಡಿನಲ್ಲಿ ನೀರಿನ ಬಹುಭಾಗ ಎಲೆಗಳ ಮೇಲೆಯೇ ಉಳಿಯುತ್ತದೆ, ನೆಲದ ಕೆಂಡಕ್ಕೆ ತಲುಪುವುದು ಕಡಿಮೆ. ಹಿಂದೆಯೇ ಹಸಿರು ಸೊಪ್ಪಿನ ಕೊಂಬೆ ಹಿಡಿದು ಬಡಿಯುವ, ತರಗು ಗೋರುವ ಜನ ಬಾರದಿದ್ದರೆ ಸಂಜೆಗೆ ಮತ್ತೆ ಹೊಗೆ ಏಳುತ್ತದೆ. ಆ ಜನರ ಕೆಲಸ ಟಿವಿಯಲ್ಲಿ ಕಾಣುವುದಿಲ್ಲ. ಬಂಡೀಪುರದ ಕಲ್ಕೆರೆ ವಲಯದಲ್ಲಿ 2017ರ ಫೆಬ್ರವರಿಯಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಅದರಲ್ಲೇ ಸಿಲುಕಿ ಪ್ರಾಣ ಬಿಟ್ಟರು.

ಪ್ರಶ್ನೆ (ಕೋಥ್ರೂಡ್, ಪುಣೆ): ನಮ್ಮ ಮಗ ಲಾಸ್ ಏಂಜಲಿಸ್‌ನಲ್ಲಿದ್ದಾನೆ. 2025ರ ಜನವರಿಯಲ್ಲಿ ಅಲ್ಲಿ ಇಡೀ ಬಡಾವಣೆಗಳು ಸುಟ್ಟುಹೋದವು. ಸಿಂಹಗಡದ ಬುಡದಲ್ಲೋ ಬಾವಧನದಲ್ಲೋ ಮನೆ ಮಾಡಿರುವ ನಮಗೂ ಅಂತಹ ಅಪಾಯವಿದೆಯೇ?

ಉತ್ತರ: ಆ ಪ್ರಮಾಣದಲ್ಲಿ ಇಲ್ಲ, ಅದಕ್ಕೆ ಕಾರಣವನ್ನು ತಿಳಿಯುವುದು ಒಳ್ಳೆಯದು. ದಕ್ಷಿಣ ಕ್ಯಾಲಿಫೋರ್ನಿಯಾದ ಗುಡ್ಡಗಳನ್ನು ಮುಚ್ಚಿರುವುದು ವರ್ಷವಿಡೀ ಎಲೆ ಉಳಿಸಿಕೊಳ್ಳುವ, ಎಣ್ಣೆ, ರಾಳಗಳಿಂದ ಕೂಡಿದ ಕುರುಚಲು ಪೊದೆ. ಅಲ್ಲಿ ಎರಡು ಚಳಿಗಾಲಗಳಲ್ಲಿ ಒಳ್ಳೆಯ ಮಳೆಯಾಗಿ ಪೊದೆ, ಹುಲ್ಲು ಸೊಕ್ಕಿ ಬೆಳೆದಿದ್ದವು. ಆಮೇಲೆ 2024ರ ಮೇ ತಿಂಗಳಿನಿಂದ ಜನವರಿ ಮೊದಲ ವಾರದವರೆಗೆ ಹೇಳಿಕೊಳ್ಳುವಂತಹ ಮಳೆಯೇ ಬೀಳಲಿಲ್ಲ. ಜನವರಿ 7ರಂದು ಸಾಂಟಾ ಆನಾ ಎಂಬ ಒಣಗಾಳಿ ಬಿರುಸಾಗಿ ಬೆಟ್ಟವಿಳಿದು ಸಮುದ್ರದತ್ತ ಬೀಸಿತು. ಪ್ಯಾಲಿಸೇಡ್ಸ್ ಮತ್ತು ಈಟನ್ ಬೆಂಕಿಗಳೆರಡರಲ್ಲಿ 16,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಅಲ್ಲಿ ಮನೆಗಳ ಬಹುಪಾಲು ಮರದ ಚೌಕಟ್ಟಿನವು. ಗಾಳಿ ಹೊತ್ತು ತಂದ ಕಿಡಿ ಒಂದು ಮನೆ ಹಿಡಿದರೆ ಮುಂದಿನ ಮನೆಗೆ ಆ ಮನೆಯೇ ಉರುವಲಾಗುತ್ತದೆ. ಅದೇ ರಾಜ್ಯದ ಉತ್ತರದ ಪ್ಯಾರಡೈಸ್ ಪಟ್ಟಣದಲ್ಲಿ 2018ರ ನವೆಂಬರ್‌ನಲ್ಲಿ 85 ಜನರು ಸತ್ತದ್ದೂ ಒಣ ಕಾಡು, ಬಿರುಗಾಳಿ ಮತ್ತು ಇಂತಹ ಮನೆಗಳು ಒಂದಾದಾಗ. ಅಲ್ಲಿ ಕಿಡಿ ಹುಟ್ಟಿದ್ದು ವಿದ್ಯುತ್ ತಂತಿಯಿಂದ.

ಸಹ್ಯಾದ್ರಿಯ ಪೂರ್ವದ ಎಲೆಯುದುರುವ ಕಾಡಿನಲ್ಲಿ ಬೆಂಕಿಯ ಋತು ಬರುವ ಹೊತ್ತಿಗೆ ಮರಗಳು ಬೋಳಾಗಿರುತ್ತವೆ. ಮರದ ನೆತ್ತಿಯಲ್ಲಿ ಹಿಡಿಯಲು ಎಲೆಯಿಲ್ಲ, ಉರುವಲೆಲ್ಲ ನೆಲದ ಮೇಲಿದೆ. ಆದ್ದರಿಂದ ನಮ್ಮ ಬೆಂಕಿ ಬಹುಪಾಲು ಮೊಣಕಾಲೆತ್ತರದಿಂದ ಆಳೆತ್ತರದ ನೆಲಬೆಂಕಿ, ರಾತ್ರಿ ತೇವ ಏರಿದಾಗ ಕುಗ್ಗುವಂಥದ್ದು. ಮನೆಗಳೂ ಸಿಮೆಂಟು, ಇಟ್ಟಿಗೆಯವು. ಇದರರ್ಥ ನೆಲಬೆಂಕಿ ಮನುಷ್ಯನನ್ನು ಕೊಲ್ಲದು ಎಂದಲ್ಲ. ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ 2018ರ ಮಾರ್ಚ್‌ನಲ್ಲಿ ಹುಲ್ಲಿನ ಬೆಂಕಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಇಳಿಜಾರಿನಲ್ಲಿ ಬೆಂಕಿಗಿಂತ ಮೇಲೆ ನಿಂತವರಿಗೆ ಓಡಲು ಸಮಯ ಸಿಗುವುದಿಲ್ಲ. ಪುಣೆಯ ವೇತಾಳ ಟೇಕಡಿ, ತಳಜಾಯಿ, ಕಾತ್ರಜ್ ಕಡೆ ಫೆಬ್ರವರಿಯಿಂದ ಮೇವರೆಗೆ ನಡೆಯಲು ಹೋಗುವವರು ಇಷ್ಟನ್ನು ನೆನಪಿಡಬೇಕು: ಹೊಗೆ ಕಂಡರೆ ಏರಿನತ್ತ ಓಡಬಾರದು, ಗಾಳಿಗೆ ಅಡ್ಡಲಾಗಿ ಪಕ್ಕಕ್ಕೆ ಸರಿದು ಬರಿಬಂಡೆಯೋ ಆಗಲೇ ಸುಟ್ಟ ನೆಲವೋ ಸಿಕ್ಕರೆ ಅಲ್ಲಿ ನಿಲ್ಲಬೇಕು.

ಪ್ರಶ್ನೆ (ಮುಲುಂಡ್): ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಬೆಂಕಿ ಬಿದ್ದರೆ ಚಿರತೆಗಳು ನಮ್ಮ ಸೊಸೈಟಿಗಳಿಗೆ ನುಗ್ಗುತ್ತವೆಯೇ?

ಉತ್ತರ: ಚಿರತೆಗಳು ಬೆಂಕಿ ಇಲ್ಲದಿದ್ದರೂ ನಿಮ್ಮ ಸೊಸೈಟಿಯ ಗೋಡೆಯ ಬಳಿಗೆ ಬಂದು ಹೋಗುತ್ತಿರುತ್ತವೆ, ಬೀದಿನಾಯಿಗಳು ಅಲ್ಲಿರುವವರೆಗೂ ಬರುತ್ತವೆ. ನೆಲಬೆಂಕಿಯಿಂದ ಅವು ಸುಲಭವಾಗಿ ಸರಿದುಹೋಗಬಲ್ಲವು. ಸಾಯುವುದು ನೆಲದಲ್ಲಿ ಮೊಟ್ಟೆಯಿಡುವ ನತ್ತಿಂಗ ಹಕ್ಕಿ, ಉಡದ ಮೊಟ್ಟೆ, ಆಮೆ, ಹಾವು, ತರಗಿನಡಿಯ ಹುಳುಗಳು. ಮೇ ಕೊನೆಯಲ್ಲಿ ಭಂಡಾರದರಾಕ್ಕೆ ಮಿಂಚುಹುಳ ನೋಡಲು ಹೋಗುವ ಮುಂಬಯಿಯ ಬಳಗಗಳು ನೋಡುವ ಆ ಹುಳಗಳ ಮರಿಗಳು ಕೂಡ ಬೆಳೆಯುವುದು ನೆಲದ ತೇವದ ತರಗಿನಲ್ಲೇ.

ಸುಮಾರು 103 ಚದರ ಕಿಲೋಮೀಟರಿನ ಈ ಉದ್ಯಾನದ ಒಳಗೆ ಮುಂಬಯಿಗೆ ನೀರು ಕೊಡುವ ತುಳಸಿ ಕೆರೆ, ಅದರ ಮಗ್ಗುಲಲ್ಲೇ ವಿಹಾರ ಕೆರೆ ಇವೆ. 2018ರ ಡಿಸೆಂಬರ್ 3ರ ಸಂಜೆ ಗೋರೆಗಾಂವ್ ಪೂರ್ವದ ಗುಡ್ಡದಲ್ಲಿ ಎದ್ದ ಬೆಂಕಿಯನ್ನು ಅಲ್ಲಿನ ಕಟ್ಟಡಗಳ ಬಾಲ್ಕನಿಗಳಿಂದ ಸಾವಿರಾರು ಜನ ನೋಡಿದರು. ಅದು ಡಿಸೆಂಬರ್ ಎಂಬುದನ್ನು ಗಮನಿಸಿ. ಬೆಂಕಿಗೆ ಮಾರ್ಚ್‌ವರೆಗೆ ಕಾಯಬೇಕಾದ ಅಗತ್ಯವಿಲ್ಲ. ನಗರದಂಚಿನ ಕಾಡಿನಲ್ಲಿ ಬೆಂಕಿ ಹೊರಗಿನಿಂದ ಒಳಗೆ ಹೋಗುತ್ತದೆಯೇ ಹೊರತು ಒಳಗಿನಿಂದ ಹೊರಗೆ ಬರುವುದು ಕಡಿಮೆ. ಕಾಂಪೌಂಡಿನ ಹಿಂದೆ ಮಾಲಿ ಸುಡುವ ಒಣ ಎಲೆಯ ಗುಡ್ಡೆಯಿಂದಲೇ ನಿಮ್ಮ ಸೊಸೈಟಿಯ ಸಭೆ ಈ ವಿಷಯದ ಚರ್ಚೆಯನ್ನು ಆರಂಭಿಸಬಹುದು.

ಪ್ರಶ್ನೆ (ಗೋರೆಗಾಂವ್, ಮೂಲ ಶಿರಸಿ): ನಮ್ಮ ಅಜ್ಜನ ಕಾಲದಲ್ಲಿ ಬೇಸಿಗೆಯ ಮುಂಚೆಯೇ ಬೇಣಕ್ಕೆ (ಹುಲ್ಲಿಗೆಂದು ಬಿಟ್ಟ ಜಾಗಕ್ಕೆ) ಸಣ್ಣ ಬೆಂಕಿ ಹಾಕುತ್ತಿದ್ದರಂತೆ. ಈಗ ಬೆಂಕಿಯೆಂದರೆ ಅಪರಾಧ. ಬೆಂಕಿಯನ್ನು ಪೂರ್ತಿ ನಿಷೇಧಿಸಿದ್ದರಿಂದಲೇ ದೊಡ್ಡ ಬೆಂಕಿ ಬರುತ್ತಿದೆ ಎಂಬುದು ಸರಿಯೇ?

ಉತ್ತರ: ಈ ಬಾರಿ ಬಂದ ಪ್ರಶ್ನೆಗಳಲ್ಲಿ ಇದು ಅತ್ಯಂತ ಕಠಿಣವಾದದ್ದು, ಏಕೆಂದರೆ ಕಾಡು ಯಾವುದು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

1864ರಲ್ಲಿ ಬ್ರಿಟಿಷ್ ಅರಣ್ಯ ಇಲಾಖೆ ಆರಂಭವಾದಾಗಿನಿಂದ ಬೆಂಕಿಯನ್ನು ಮರಮುಟ್ಟಿನ ನಷ್ಟವೆಂದೇ ಕಾಣಲಾಯಿತು. 1927ರ ಭಾರತೀಯ ಅರಣ್ಯ ಕಾಯ್ದೆ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ಅಪರಾಧವೆಂದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ಅಭಯಾರಣ್ಯಗಳಲ್ಲಿ ಅದನ್ನು ನಿಷೇಧಿಸಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜನವರಿಯ ಆಸುಪಾಸಿನಲ್ಲಿ, ನೆಲದಲ್ಲಿ ಇನ್ನೂ ತೇವವಿರುವಾಗ, ತರಗು ಬೆಂಕಿ ಹಾಕುತ್ತಿದ್ದರು. ಅದು ನಿಧಾನವಾಗಿ ತೆವಳಿ, ತರಗನ್ನಷ್ಟೇ ತಿಂದು, ಮರದ ತೊಗಟೆಗೆ ಕಾವು ತಗಲುವ ಮೊದಲೇ ಮುಂದೆ ಸಾಗುತ್ತಿತ್ತು. 1974ರಲ್ಲಿ ಅಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಆಮೇಲೆ ಲಂಟಾನ ಕಾಡನ್ನು ತುಂಬಿತು, ನೆಲ್ಲಿ ಮರಗಳಿಗೆ ಬಂದಳಿಕೆ ಹೆಚ್ಚಿತು ಎನ್ನುವುದು ಸೋಲಿಗರ ಮಾತು, ಅಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದ ಪರಿಸರ ವಿಜ್ಞಾನಿಗಳೂ ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಉಷ್ಣವಲಯದ ಅಮೆರಿಕದಿಂದ ಉದ್ಯಾನದ ಅಲಂಕಾರಕ್ಕೆಂದು 19ನೇ ಶತಮಾನದಲ್ಲಿ ತಂದ ಲಂಟಾನ ಈಗ ನೆಲಬೆಂಕಿಯನ್ನು ಮರದ ಕೊಂಬೆಗೆ ಏರಿಸುವ ಏಣಿಯಾಗಿ ನಿಂತಿದೆ. ಬಂಡೀಪುರ ಅಷ್ಟು ಉಗ್ರವಾಗಿ ಉರಿಯಲು ಅದೂ ಒಂದು ಕಾರಣ. ಒಣ ಎಲೆಯುದುರುವ ಕಾಡಿನಲ್ಲಿ, ಕಾಡನ್ನು ಬಲ್ಲವರ ಕೈಯಲ್ಲಿ, ಸರಿಯಾದ ಹೊತ್ತಿನಲ್ಲಿ ಹಾಕಿದ ಸಣ್ಣ ಬೆಂಕಿಗೆ ಮತ್ತೆ ಜಾಗ ಮಾಡಿಕೊಡಬೇಕು ಎಂಬುದೇ ನಮ್ಮ ಅಭಿಪ್ರಾಯ. ಮತ್ತಿಯ ಮೊಸಳೆಚರ್ಮದಂತಹ ತೊಗಟೆ, ಮುತ್ತುಗದ ಬೇರುಚಿಗುರು, ಇವೆಲ್ಲ ಬೆಂಕಿಯ ಒಡನಾಟದಲ್ಲಿ ಬಾಳಿದ ಮರಗಳ ಲಕ್ಷಣಗಳೇ.

ಆದರೆ ನೀವು ಕೇಳಿದ್ದು ಶಿರಸಿಯ ಬಗ್ಗೆ. ಬೇಣಕ್ಕೆ ಹಾಕಿದ ಬೆಂಕಿ ಪಕ್ಕದ ಕಾನಿಗೆ, ಅಂದರೆ ದಟ್ಟ ಹಸಿರುಕಾಡಿಗೆ, ನುಗ್ಗಿದರೆ ಅಲ್ಲಿ ಈ ವಾದ ನಿಲ್ಲುವುದಿಲ್ಲ. ನಿತ್ಯಹರಿದ್ವರ್ಣದ ಮರಗಳ ತೊಗಟೆ ತೆಳು; ಮೊಣಕಾಲೆತ್ತರದ ಬೆಂಕಿಯೂ ಅವುಗಳ ಬುಡವನ್ನು ಬೇಯಿಸುತ್ತದೆ. ಮರ ಒಂದೆರಡು ವರ್ಷ ನಿಂತಿದ್ದು ಆಮೇಲೆ ಸಾಯುವುದರಿಂದ ಹಾನಿಯ ಲೆಕ್ಕ ಆ ವರ್ಷದ ವರದಿಗೆ ಬರುವುದೇ ಇಲ್ಲ. ಗೋವಾದ ಸತ್ತರಿಯ ಬಾಂಬರ್‌ನಲ್ಲಿರುವ ನಿರಂಕಾರಾಚಿ ರಾಯ್ ಎಂಬ ದೇವರಕಾಡಿನಲ್ಲಿ ಕೆಸರಿನಿಂದ ಮೇಲೆದ್ದ ಬೇರುಗಳ ರಾಮಪತ್ರೆ ಜಾತಿಯ ಮರಗಳಿವೆ. ಅಂತಹ ಕಡೆ ಒಂದು ಬೆಂಕಿಯೂ ಹೆಚ್ಚು. ಒಮ್ಮೆ ಸುಟ್ಟ ಹಸಿರುಕಾಡಿನ ತೆರವಿಗೆ ಹುಲ್ಲು, ಯುಪಟೋರಿಯಂ ಕಳೆ ಬರುತ್ತವೆ, ಅವು ಮುಂದಿನ ಬೇಸಿಗೆಗೆ ಒಣಗುತ್ತವೆ, ಎರಡನೆಯ ಬೆಂಕಿ ಮೊದಲನೆಯದಕ್ಕಿಂತ ಸುಲಭವಾಗುತ್ತದೆ. 2023ರಲ್ಲಿ ಸುಟ್ಟ ಮಹದಾಯಿಯ ಗುಡ್ಡಗಳನ್ನು ಮೊದಲ ಐದಾರು ವರ್ಷ ವಿಶೇಷವಾಗಿ ಕಾಯಬೇಕು ಎನ್ನುವುದು ಇದೇ ಕಾರಣಕ್ಕೆ.

ಇಡೀ ಘಟ್ಟಕ್ಕೆ ಒಂದೇ ಕಾನೂನು, ಒಂದೇ ಸಲಹೆ ಎಂಬುದೇ ಇಲ್ಲಿನ ತೊಡಕು. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಮುದಾಯದ ಹಕ್ಕು ಪಡೆದ ಸೋಲಿಗರಿಗೂ ಬೆಂಕಿಯ ಮಾತಿನಲ್ಲಿ ಇನ್ನೂ ಹಕ್ಕಿಲ್ಲದಿರುವುದು ಸರಿಯೆಂದು ನಮಗೆ ಅನಿಸುವುದಿಲ್ಲ.

ಪ್ರಶ್ನೆ (ವಾಸ್ಕೋ): ಕಾಡು ಸುಟ್ಟರೆ ಮುಂದಿನ ಬೇಸಿಗೆಗೆ ನದಿಯ ನೀರು ಕಡಿಮೆಯಾಗುತ್ತದೆಯೇ? ಮಹದಾಯಿ ನೀರಿನ ಜಗಳದ ನಡುವೆ ಇದನ್ನು ಯಾರೂ ಹೇಳುವುದಿಲ್ಲ.

ಉತ್ತರ: ನಿಮ್ಮ ಆಕ್ಷೇಪ ನ್ಯಾಯವಾದದ್ದು. ಕಳಸಾ, ಬಂಡೂರಿ ಹಳ್ಳಗಳ ನೀರು ಯಾರಿಗೆ ಎಷ್ಟು ಎಂಬ ವಾದದಲ್ಲಿ ಎರಡೂ ರಾಜ್ಯಗಳವರು, ಆ ನೀರನ್ನು ಹಿಡಿದು ಬಿಡುವ ಕಾಡು ಗಡಿಯ ಎರಡೂ ಬದಿಯಲ್ಲಿ, ಭೀಮಗಡದಲ್ಲೂ ಮಹದಾಯಿ ಅಭಯಾರಣ್ಯದಲ್ಲೂ ಒಂದೇ ಆಗಿರುವುದನ್ನು ಮರೆಯುತ್ತಾರೆ. ತರಗು ಸುಟ್ಟುಹೋದ ನೆಲದ ಮೇಲೆ ಜೂನ್‌ನ ಮೊದಲ ಹನಿಗಳು ನೇರವಾಗಿ ಬಡಿಯುತ್ತವೆ, ಬೂದಿ ಮಣ್ಣಿನ ಸಂದುಗಳನ್ನು ಮುಚ್ಚುತ್ತದೆ, ನೀರು ಇಂಗುವ ಬದಲು ಮೇಲ್ಮಣ್ಣನ್ನು ಹೊತ್ತು ಹರಿಯುತ್ತದೆ. ಮಳೆಗಾಲದಲ್ಲಿ ಕೆಂಪಗೆ ಹರಿವು ಹೆಚ್ಚಿ ಬೇಸಿಗೆಯ ಒರತೆ ಕುಗ್ಗುವುದು ಇಂತಹ ಇಳಿಜಾರುಗಳ ಲಕ್ಷಣ. ಪಣಜಿ ಮತ್ತು ಪೋಂಡಾಗೆ ನೀರು ಕೊಡುವ ಓಪಾ ಸ್ಥಾವರ ಖಾಂಡೇಪಾರ್ ನದಿಯನ್ನೂ, ನಿಮ್ಮ ದಕ್ಷಿಣ ಗೋವಾ ಸಾಳಾವಳಿ ಅಣೆಕಟ್ಟನ್ನೂ ನಂಬಿಕೊಂಡಿವೆ. ಎರಡರ ಮೂಲವೂ ಈ ಘಟ್ಟದ ಕಾಡೇ.

ಪ್ರಶ್ನೆ (ವಸಯಿ): ನಗರದಲ್ಲಿರುವ ನಾವು ಏನು ಮಾಡಬಹುದು?

ಉತ್ತರ: ಭಾರತೀಯ ಅರಣ್ಯ ಸರ್ವೇಕ್ಷಣೆ ಸಂಸ್ಥೆ ಉಪಗ್ರಹಗಳು ಕಂಡ ಬೆಂಕಿಯ ಎಚ್ಚರಿಕೆಯನ್ನು ನೋಂದಾಯಿಸಿಕೊಂಡ ಯಾರಿಗಾದರೂ ಸಂದೇಶವಾಗಿ ಕಳುಹಿಸುತ್ತದೆ, ನಿಮ್ಮ ಊರಿನ ತಾಲ್ಲೂಕನ್ನೂ ಆಯ್ದುಕೊಳ್ಳಬಹುದು. ಆ ಉಪಗ್ರಹಗಳಲ್ಲಿರುವ ವಿಐಐಆರ್‌ಎಸ್ ಎಂಬ ಉಪಕರಣ 375 ಮೀಟರಿನಷ್ಟು ಸಣ್ಣ ತುಣುಕಿನಲ್ಲಿ ಬೆಂಕಿಯನ್ನು ಗುರುತಿಸಬಲ್ಲದು. ಆದರೆ ಉಪಗ್ರಹ ಹಾದುಹೋಗುವುದು ನಡುಮಧ್ಯಾಹ್ನ ಮತ್ತು ನಡುರಾತ್ರಿಯ ಆಚೀಚೆ. ನಡುವೆ ಹುಟ್ಟಿದ ಬೆಂಕಿಯನ್ನು ಮೊದಲು ನೋಡುವುದು ದಾರಿಹೋಕನೇ. ಮಹಾರಾಷ್ಟ್ರದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926, ಎಲ್ಲೆಡೆ ತುರ್ತು ಕರೆಗೆ 112. ಹೊಗೆ ಕಂಡ ಸ್ಥಳದ ಹತ್ತಿರದ ಊರು, ಗುಡ್ಡದ ಯಾವ ಮಗ್ಗುಲು, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬ ಮೂರು ವಿವರಗಳನ್ನು ಹೇಳಿದರೆ ಸಿಬ್ಬಂದಿಗೆ ಅರ್ಧ ಗಂಟೆ ಉಳಿಯುತ್ತದೆ. ಊರಿನಲ್ಲಿ ಗೇರು ಅಥವಾ ಅಡಿಕೆ ತೋಟವಿದ್ದು ಮುಂಬಯಿಯಿಂದಲೇ ಅದನ್ನು ನೋಡಿಕೊಳ್ಳುವವರು, ಕೂಲಿಯವರಿಗೆ ತರಗು ಸುಡುವ ಬದಲು ಮರದ ಬುಡಕ್ಕೆ ಹೊದಿಸಲು ಹೇಳಬೇಕು. ಅದಕ್ಕೆ ಹೆಚ್ಚು ಕೂಲಿ ಬೀಳುತ್ತದೆ, ಅದನ್ನು ಕೊಡಬೇಕು. ಸುಡಲೇಬೇಕಾದರೆ ಜನವರಿ ದಾಟುವ ಮುನ್ನ, ಬೆಳಗಿನ ಇಬ್ಬನಿ ಆರುವುದರೊಳಗೆ, ಸುತ್ತ ಎರಡು ಮಾರು ನೆಲ ಕೆರೆದು, ಆರುವವರೆಗೆ ಒಬ್ಬರು ಅಲ್ಲೇ ನಿಂತಿರುವಂತೆ ನೋಡಿಕೊಳ್ಳಿ.